ಮನೆಯಳಿಯ ತಂದ ಕಜ್ಜಿ

ಗಂಜಿ ಕುಡಿಯುತ್ತಾ ಕೂತಿದ್ದ ಮಗಳು ಬಟ್ಟಲನ್ನು ಕೆಳಗಿಟ್ಟು ಬೆರಳ ಸಂದಿಯನ್ನು ಪರಪರನೆ ಕೆರೆದುಕೊಂಡಾಗ ಲಾಮೆಕ್‌ ಅದನ್ನು ಕಂಡ. ಕಂಡರೂ ಕಾಣದವನ ಹಾಗೆ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಾ ಕೂತ. ಆದರೆ ತಿಯಾಮಿಕೆ ಆರು ವರ್ಷದ ಹುಡುಗಿ, ಮುಚ್ಚಿಟ್ಟುಕೊಳ್ಳುವ ವಿದ್ಯೆ ಇನ್ನೂ ಕಲಿತಿರಲಿಲ್ಲ. ಎಡಗೈ ಆಯಿತು, ಬಲಗೈ ಆಯಿತು, ಆಮೇಲೆ ಲಂಗದ ಪಟ್ಟಿಯೊಳಗೆ ಕೈ ತೂರಿಸಿ ಸೊಂಟ.

“ಮತ್ತೆ ಬಂತು,” ಅಂದಳು ಹೆಂಡತಿ ಎನೆಲೆಸಿ, ಒಲೆಯ ಮುಂದಿನಿಂದ ತಲೆಯೆತ್ತದೆ.

“ಸೊಳ್ಳೆ ಕಚ್ಚಿರಬಹುದು.”

“ಬೆರಳ ಸಂದೀಲಿ ಯಾವ ಸೊಳ್ಳೆ ಕಚ್ಚುತ್ತೆ, ತಿಯಾಮಿಕೆ ಅಪ್ಪ? ನಿಮ್ಮ ಹೊಟ್ಟೇನೂ ಒಂದ್ಸಲ ನೋಡ್ಕೊಳ್ಳಿ. ನೀವು ಚಾಪೆ ಮೇಲೆ ಉರುಳಾಡಿದ್ದು ನನಗೆ ಗೊತ್ತಿಲ್ವಾ?”

ಅವನು ಅಂಗಿ ಎತ್ತಿ ನೋಡಿಕೊಳ್ಳಲಿಲ್ಲ. ಅಲ್ಲೇನಿದೆಯೆಂದು ಅವನಿಗೆ ಮೂರು ದಿನದಿಂದ ಗೊತ್ತಿತ್ತು.

ಕಜ್ಜಿ ಹೀಗೆ ಬರುತ್ತಿರುವುದು ಇದು ಮೂರನೇ ಸಲ. ಮೊದಲು ಸಂತೆಯ ನಾಟಿ ವೈದ್ಯ ಕೊಟ್ಟ ಸೊಪ್ಪು ಅರೆದು ಹಚ್ಚಿದ್ದರು. ಚರ್ಮ ಸುಟ್ಟಿತೇ ಹೊರತು ಕಜ್ಜಿ ಹೋಗಲಿಲ್ಲ. ಆಮೇಲೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಒಂದು ಪುಟ್ಟ ಸೀಸೆಯಲ್ಲಿ ಹಾಲಿನಂಥ ಔಷಧ ಕೊಟ್ಟರು. ಅದು ಮಗಳೊಬ್ಬಳಿಗೇ ಸಾಕಾಯಿತು. ಒಂದು ತಿಂಗಳು ಅವಳು ಹಾಯಾಗಿದ್ದಳು, ಮತ್ತೆ ಶುರು. ಎರಡನೇ ಸಲ ಔಷಧವೇ ಮುಗಿದಿತ್ತು. ಮೂರು ವಾರ ತಿರುಗಿ ತಿರುಗಿ, ಕೊನೆಗೆ ದೊರೆತಾಗ ಅಪ್ಪ, ಅಮ್ಮ, ಮಗಳು ಮೂವರೂ ಹಚ್ಚಿಕೊಂಡರು. ಕೆರೆದು ಕೆರೆದು ಹುಣ್ಣಾದ ಮೈಗೆ ಅದು ತಾಗಿದರೆ ಮೆಣಸಿನಕಾಯಿ ಅರೆದು ಬಳಿದ ಹಾಗೆ. ತಿಯಾಮಿಕೆ ಅಂಗಳದ ತುಂಬ ಓಡಿ ಓಡಿ ಅತ್ತಿದ್ದಳು. ಆ ಅಳುವಿಗೆ ದಕ್ಕಿದ್ದು ಇನ್ನೊಂದು ತಿಂಗಳ ನೆಮ್ಮದಿ, ಅಷ್ಟೇ.

ಆ ದಿನ ಮಧ್ಯಾಹ್ನಕ್ಕೆ ಮೊದಲೇ ಶಾಲೆಯಿಂದ ಮಗಳು ವಾಪಸು ಬಂದಳು. ಮೇಷ್ಟ್ರು ಚೀಟಿ ಬರೆದಿದ್ದರು: ಪೂರ್ತಿ ವಾಸಿಯಾಗುವವರೆಗೆ ಕಳಿಸಬೇಡಿ. ‘ಪೂರ್ತಿ’ ಅನ್ನುವುದರ ಕೆಳಗೆ ಎರಡು ಗೆರೆ.

ಲಾಮೆಕ್ ಕೂಡುರಸ್ತೆಯಲ್ಲಿ ಸೈಕಲ್ ಬಾಡಿಗೆ ಹೊಡೆಯುವವನು. ಹಿಂದಿನ ಕ್ಯಾರಿಯರಿಗೆ ಮೆತ್ತೆ ಕಟ್ಟಿ, ಸಂತೆಗೆ ಹೋಗುವವರನ್ನೂ ಆಸ್ಪತ್ರೆಗೆ ಹೋಗುವವರನ್ನೂ ಕೂರಿಸಿಕೊಂಡು, ಮುಲಾಂಜೆ ಬೆಟ್ಟದ ತಪ್ಪಲಿನ ಏರಿಳಿತಗಳಲ್ಲಿ ತುಳಿಯುವುದು ಅವನ ಕಸುಬು. ಗಟ್ಟಿ ಕಾಲು, ಒಳ್ಳೆಯ ಮಾತು, ಗಿರಾಕಿಗಳಿಗೆ ಕೊರತೆಯಿರಲಿಲ್ಲ. ಈಗ ಅನಾನಸಿನ ಬುಟ್ಟಿ ಹೊತ್ತು ಬಂದ ಹೆಂಗಸೊಬ್ಬಳು ಅವನ ಸೈಕಲ್ಲಿನ ಹತ್ತಿರ ಬಂದವಳು, ಅವನು ಮೊಣಕೈ ಕೆರೆದುಕೊಂಡದ್ದನ್ನು ಕಂಡು ಹಾಗೇ ಪಕ್ಕದವನ ಕಡೆಗೆ ಹೊರಳಿದಳು.

“ಬ್ಯಾಂಜೊ ಇಲ್ದೇನೇ ಬಾರಿಸ್ತಾನೆ ನೋಡ್ರೋ ನಮ್ ಲಾಮೆಕ್ಕು!” ಎಂದು ಸೈಕಲ್ಲಿನವನೊಬ್ಬ ಕೂಗಿದ. “ಯಾವ ಹಾಡಪ್ಪಾ ಇವತ್ತು?”

ಎಲ್ಲರೂ ನಕ್ಕರು. ಲಾಮೆಕ್ ಕೂಡ ನಕ್ಕ. ನಗದಿದ್ದರೆ ನಾಳೆ ಇನ್ನೂ ಜೋರಾಗುತ್ತದೆ.

ಅವರ ಕಡೆ ಗಂಡಸು ಮದುವೆಯಾಗಿ ಹೆಣ್ಣಿನ ಊರಿಗೆ ಹೋಗಿ ಮನೆ ಕಟ್ಟಿಕೊಂಡಿರುವುದೇ ವಾಡಿಕೆ. ಆದ್ದರಿಂದ ಮನೆಯಳಿಯನಾಗಿರುವುದರಲ್ಲಿ ಅವಮಾನವೇನಿಲ್ಲ. ಆದರೆ ಒಂದು ತೊಂದರೆ ಅಂತ ಬಂದರೆ, ಆ ಅಂಗಳದಲ್ಲಿ ಹೊರಗಿನಿಂದ ಬಂದವನು ಯಾರು ಅನ್ನುವುದನ್ನು ಯಾರೂ ಹುಡುಕಬೇಕಾಗಿಲ್ಲ. ನಕುಂಬಾ ಹಳ್ಳಿಯ ಆ ಅಂಗಳದ ಸುತ್ತ ಐದು ಮನೆ, ಹದಿನಾಲ್ಕು ಜನ. ಎರಡು ವರ್ಷದ ಕೆಳಗೆ ಲಾಮೆಕ್ ಚಹಾ ತೋಟದಲ್ಲಿ ಎಲೆ ಕೀಳಲು ಹೋಗಿ ಆಳುಗಳ ಸಾಲುಮನೆಯಲ್ಲಿ ನಾಲ್ಕು ತಿಂಗಳು ಇದ್ದು ಬಂದಿದ್ದ. ಅವನು ಬಂದ ಮೇಲೆ ಕಜ್ಜಿ ಬಂತು. ಅಲ್ಲಿಗೆ ವಿಚಾರಣೆ ಮುಗಿದಿತ್ತು.

ಭಾನುವಾರ ಚರ್ಚಿನಿಂದ ಬಂದ ಮೇಲೆ ಹೆಂಡತಿಯ ಸೋದರಮಾವ ಬ್ವಾನಾಲಿ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ. ಕೂಡುರಸ್ತೆಯಲ್ಲಿ ಅವನದೊಂದು ಅಂಗಡಿ: ಉಪ್ಪು, ಸೋಪು, ಟಾರ್ಚಿನ ಸೆಲ್ಲು, ಬಿಸ್ಕತ್ತು, ಮೈಗೆ ಹಚ್ಚುವ ನಾನಾ ಬಗೆಯ ಮುಲಾಮು. ಮನೆತನದ ಹಿರಿಯನೆಂದರೆ ಅವನೇ. ಹೆಣ್ಣುಮಕ್ಕಳ ಮದುವೆ ಮಾಡುವವನೂ ಅವನೇ, ಮುರಿಯುವವನೂ ಅವನೇ.

“ಬನ್ನಿ ಅಳಿಯಂದ್ರೆ, ಕೂತ್ಕೊಳ್ಳಿ,” ಎಂದ. ಆ ಬಹುವಚನದಲ್ಲಿ ಮುಳ್ಳಿತ್ತು. “ನಮ್ಮ ಹುಡುಗೀನ ಕೇಳೋಕೆ ಬಂದಾಗ ಬರಿಗೈಲಿ ಬಂದಿದ್ದೀರಿ ಅಂತ ನಾವು ತಪ್ಪು ತಿಳ್ಕೊಂಡಿದ್ವಿ. ಈಗ ನೋಡಿದ್ರೆ ಕೈತುಂಬಾ ತಂದಿದ್ದೀರಿ. ಇಡೀ ಮನೇಗೆ ಹಂಚಿದ್ರೂ ಮುಗೀತಾ ಇಲ್ಲ.”

ಮಕ್ಕಳು ಕಿಸಕ್ಕೆಂದರು. ಅತ್ತೆ ಫೇಲೆಸಿ ಅಳಿಯನ ಎದುರು ಕೂರುವಂತಿಲ್ಲವಾದ್ದರಿಂದ ಗೋಡೆಯ ಮರೆಯಲ್ಲಿ ಬೆನ್ನು ತೋರಿಸಿ ಕೂತಿದ್ದವಳು, ಅಲ್ಲಿಂದಲೇ ನಿಟ್ಟುಸಿರು ಬಿಟ್ಟಳು.

“ಮಾವ, ಔಷಧ ಹಚ್ಚಿದ್ದೀನಿ. ನಾವು ಮೂವರೇ ಹಚ್ಕೊಂಡ್ರೆ—”

“ಹಚ್ಕೊಳ್ಳಿ, ಬೇಡ ಅಂದೋರ್ಯಾರು? ತೊಗರಿ ಕೊಯ್ಲಿನೊಳಗೆ ಇದು ಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ನೀವು ಹೋಗಿ. ನಿಮ್ಮಮ್ಮನ ಮನೇಲಿ ಚಾಪೆ ಇರುತ್ತಲ್ಲ.”

“ಏ ಬ್ವಾನಾಲಿ!” ಜಗಲಿಯಿಂದ ಅವನ ತಾಯಿ, ಅಜ್ಜಿ ಮಲಿತಾಳ ದನಿ ಬಂತು. “ನನ್ ಗಂಡನ್ನ ಏನಾದ್ರೂ ಅಂದ್ರೆ ನಾನೂ ಅವನ ಜೊತೆ ಹೊರಟೆ. ಆಮೇಲೆ ನಿನಗೆ ಅಪ್ಪ ಅಂತ ಕರೆಯೋಕೆ ಇವನೇ ಗತಿ.”

ಈಗ ದೊಡ್ಡವರೂ ನಕ್ಕರು. ಮೊಮ್ಮಗಳ ಗಂಡನನ್ನು ತನ್ನ ಗಂಡನೆಂದು ಕರೆದು ಗೋಳು ಹೊಯ್ದುಕೊಳ್ಳುವುದು ಅಲ್ಲಿನ ಅಜ್ಜಿಯರ ಹಕ್ಕು. ಆದರೆ ಮಲಿತಾ ಅಜ್ಜಿಯ ತಮಾಷೆ ಬರೀ ತಮಾಷೆಯಲ್ಲವೆಂದು ಲಾಮೆಕ್‌ಗೆ ಗೊತ್ತಿತ್ತು. ಆ ಹದಿನಾಲ್ಕು ಜನರಲ್ಲಿ ಅವನ ಪರವಾಗಿ ಬಾಯಿ ತೆರೆಯುವ ಜೀವ ಅದೊಂದೇ. ತಿಯಾಮಿಕೆಯನ್ನು ಹುಟ್ಟಿದಂದಿನಿಂದ ಮಡಿಲಲ್ಲಿ ಹಾಕಿಕೊಂಡು ಸಾಕಿದ್ದೂ ಅದೇ ಜೀವ.

ಗುರುವಾರ ಅವನು ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಮಗಳನ್ನು ಕೂರಿಸಿಕೊಂಡು ಸೈಕಲ್ ತುಳಿದ. ತಿಂಗಳಿಗೊಂದು ಗುರುವಾರ ಅಲ್ಲಿ ಚರ್ಮದ ಕಾಯಿಲೆಗಳನ್ನು ನೋಡುವ ಡಾಕ್ಟರಮ್ಮ ಬರುತ್ತಾಳೆಂದು ಗಿರಾಕಿಯೊಬ್ಬರು ಹೇಳಿದ್ದರು. ಸಾಲಿನಲ್ಲಿ ನಿಂತವರ ಮೈಯೆಲ್ಲ ಒಂದೊಂದು ಕಥೆ: ಬಿಳಿ ಮಚ್ಚೆ, ಹುಳುಕಡ್ಡಿ, ಬೆಳ್ಳಗಾಗಲು ಹೋಗಿ ಕೆನ್ನೆ ಸುಟ್ಟುಕೊಂಡ ಹುಡುಗಿ, ವಾಸಿಯಾಗದ ಕಾಲಿನ ಹುಣ್ಣು. ಸರದಿ ಬರುವಷ್ಟರಲ್ಲಿ ಹೊತ್ತು ನೆತ್ತಿ ದಾಟಿತ್ತು.

ಡಾಕ್ಟರಮ್ಮ ಚಿಪುಂಗು ದಪ್ಪ ಕನ್ನಡಕದ, ಕಡಿಮೆ ಮಾತಿನ ಹೆಂಗಸು. ಮಗುವಿನ ಬೆರಳ ಸಂದಿಗೆ ಪೆನ್ನಿನ ಮಸಿ ಬಳಿದು ಒರೆಸಿದಳು. ಮಸಿ ಹೋಯಿತು, ಒಂದು ಕೂದಲೆಳೆಯಷ್ಟು ಗೆರೆ ಮಾತ್ರ ಉಳಿಯಿತು.

“ಇದು ಹುಳ ತೋಡಿರೋ ಸುರಂಗ. ಹೆಣ್ಣು ಹುಳ ಚರ್ಮದೊಳಗೆ ಹೀಗೆ ದಾರಿ ಮಾಡ್ಕೊಂಡು ಮೊಟ್ಟೆ ಇಡ್ತಾ ಹೋಗುತ್ತೆ. ಕೊಳಕಿಗೆ ಬರೋದಲ್ಲ ಇದು, ಮಾಟದಿಂದಾನೂ ಅಲ್ಲ. ಒಬ್ಬರ ಮೈ ಇನ್ನೊಬ್ಬರಿಗೆ ತಾಗಿ ಬರೋದು. ಎಷ್ಟು ಸಲ ಔಷಧ ಹಚ್ಚಿದ್ರಿ?”

ಅವನು ಹೇಳಿದ. ಹೇಳುತ್ತಾ ಹೇಳುತ್ತಾ ದನಿ ಏರಿತು. “ಹಚ್ಚಿದ್ದೇ ಹಚ್ಚಿದ್ದು ಡಾಕ್ಟರಮ್ಮ! ಹೊದಿಕೆ ಕುದಿಸಿದೆ, ಚಾಪೆ ಸುಟ್ಟೆ. ಇನ್ನೇನು ಮಾಡ್ಲಿ, ಮಗಳ ಚರ್ಮ ಸುಲಿದು ಒಗೀಲಾ?”

ಚಿಪುಂಗು ಬೇಸರಿಸಿಕೊಳ್ಳಲಿಲ್ಲ. “ಹದಿನಾಲ್ಕು ಜನ ಅಂದ್ರಿ. ಮೂವರು ಹಚ್ಕೊಂಡ್ರಿ. ಉಳಿದ ಹನ್ನೊಂದು ಜನದ ಮೈಮೇಲೆ ಹುಳ ಸುಖವಾಗಿದೆ. ನಿಮ್ಮದು ವಾಸಿಯಾದ ಕೂಡ್ಲೇ ವಾಪಸು ಬರುತ್ತೆ. ಎಲ್ಲರೂ, ಒಂದೇ ದಿನ, ಕತ್ತಿನಿಂದ ಕಾಲ್ಬೆರಳವರೆಗೆ ಹಚ್ಕೋಬೇಕು. ವಾರ ಬಿಟ್ಟು ಇನ್ನೊಂದ್ಸಲ. ಯಾರಿಗೂ ರಿಯಾಯ್ತಿ ಇಲ್ಲ. ಮನೇಲಿ ಯಾರಿಗೆ ಜಾಸ್ತಿ ಇದೆ?”

“ಎಲ್ಲರಿಗೂ ಇದೆ. ಅಜ್ಜಿಗೊಬ್ಬರಿಗೆ ಇಲ್ಲ. ಅವರು ಒಂದು ದಿನಾನೂ ಕೆರೆದುಕೊಂಡಿದ್ದು ನಾನು ನೋಡಿಲ್ಲ.”

ಅವಳು ಬರೆಯುವುದನ್ನು ನಿಲ್ಲಿಸಿದಳು. “ಈ ಮಗು ಯಾರ ಹತ್ರ ಮಲಗುತ್ತೆ?”

“ಅಜ್ಜಿ ಹತ್ರ.”

“ಅವರ ಕೈ ನೋಡಿದ್ದೀರಾ? ಬೆರಳ ಮಧ್ಯೆ, ಮೊಣಕೈ ಮೇಲೆ, ದಪ್ಪಗೆ ಚಿಪ್ಪು ಕಟ್ಟಿದ ಹಾಗೆ ಇದೆಯಾ?”

ಲಾಮೆಕ್ ನೆನಪು ಮಾಡಿಕೊಂಡ. ಅಜ್ಜಿ ಯಾವಾಗಲೂ ಹೊದ್ದ ಬಟ್ಟೆಯೊಳಗೆ ಕೈ ಹುದುಗಿಸಿಕೊಂಡೇ ಕೂರುತ್ತಾಳೆ. ಚಳಿಯೆನ್ನುತ್ತಾಳೆ. “ಅಜ್ಜಿಗೆ ತುರಿಕೇನೇ ಇಲ್ಲ ಅಂತ ಹೇಳಿದ್ನಲ್ಲ,” ಎಂದ ಸ್ವಲ್ಪ ಒರಟಾಗಿ.

“ಅದಕ್ಕೇ ನನಗೆ ಭಯ. ಅವರನ್ನ ಕರ್ಕೊಂಡು ಬನ್ನಿ. ಸೋಮವಾರದವರೆಗೆ ಇಲ್ಲೇ ಇರ್ತೀನಿ.”

ಸಂಜೆ ಬಿಸಿಲು ಇನ್ನೂ ಇತ್ತು. ಅಜ್ಜಿ ಜಗಲಿಯ ಮೇಲೆ ತೊಗರಿಕಾಯಿ ಬಿಡಿಸುತ್ತಿದ್ದಳು. ದಾರಿಯಲ್ಲಿ ದಣಿದಿದ್ದ ತಿಯಾಮಿಕೆ ಓಡಿಹೋಗಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಲಾಮೆಕ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

“ಅಜ್ಜಿ, ಕೈ ಕೊಡಿ ನೋಡೋಣ.”

“ಈಗ ಬಂದ್ಯಾ ಕೈ ಹಿಡಿಯೋಕೆ? ಅರವತ್ತು ವರ್ಷ ತಡ ಮಾಡಿದ್ಯಲ್ಲೋ ಮಾರಾಯ,” ಎಂದು ನಗುತ್ತಾ ಅಜ್ಜಿ ಬಟ್ಟೆ ಸರಿಸಿ ಕೈ ಚಾಚಿದಳು.

ಬೆರಳುಗಳ ನಡುವೆ ಬೂದಿ ಬಣ್ಣದ ಹೊಪ್ಪಳೆ ಒಂದರ ಮೇಲೊಂದು ಕೂತು ಮರದ ತೊಗಟೆಯಂತಾಗಿತ್ತು. ಅಲ್ಲಲ್ಲಿ ಬಿರುಕು. ಮಣಿಕಟ್ಟಿನಿಂದ ಮೊಣಕೈವರೆಗೂ ಅದೇ. ಕೈ ಅಲುಗಿದಾಗ ಹಿಟ್ಟಿನಂಥ ಪುಡಿ ಉದುರಿ ಮಗುವಿನ ಕೂದಲಿನ ಮೇಲೆ ಬಿತ್ತು.

“ವಯಸ್ಸಾದ್ರೆ ಆನೆ ಚರ್ಮ ಬರುತ್ತೆ ಕಣೋ. ಮೊದಲು ಒಂಚೂರು ನವೆ ಇತ್ತು. ಬ್ವಾನಾಲಿ ಅಂಗಡಿಯಿಂದ ಮುಲಾಮು ತಂದ್ಕೊಟ್ಟ. ಹಚ್ಚಿದ್ರೆ ನವೆ ಗಪ್ಪಂತ ನಿಲ್ಲುತ್ತೆ. ಎರಡು ವರ್ಷದಿಂದ ದಿನಾ ಹಚ್ತೀನಿ. ಒಳ್ಳೇ ಮಗ, ತಪ್ಪದೆ ತಂದ್ಕೊಡ್ತಾನೆ.”

ಲಾಮೆಕ್‌ಗೆ ಗೊತ್ತಾಯಿತು. ಗೊತ್ತಾದ ಆ ಕ್ಷಣದಲ್ಲಿ, ಅವನು ಯೋಚಿಸುವುದಕ್ಕೂ ಮೊದಲೇ, ಅವನ ಕೈ ತಾನೇ ತಾನಾಗಿ ಹಿಂದಕ್ಕೆ ಸರಿಯಿತು. ಬೆಂಕಿ ಮುಟ್ಟಿದವನ ಹಾಗೆ. ಅಜ್ಜಿ ಅವನ ಮುಖ ನೋಡಿದಳು, ಅವನ ಕೈ ನೋಡಿದಳು, ಮತ್ತೆ ತನ್ನ ಕೈಯನ್ನು ಬಟ್ಟೆಯೊಳಗೆ ಹಾಕಿಕೊಂಡಳು. ತಮಾಷೆ ಮಾಡಲಿಲ್ಲ.

ಎರಡು ವರ್ಷದಿಂದ ಹೊತ್ತ ಬೈಗುಳ ಇಳಿದು ಹಗುರಾಗಬೇಕಿತ್ತು. ಇಳಿಯಲಿಲ್ಲ. ಮನೆಯೊಳಗೆ ಹೋಗಿ ಎನೆಲೆಸಿಗೆ ಹೇಳಿದರೆ ಅವಳು ಸಿಡಿದೆದ್ದಳು.

“ನಿಮ್ಮ ತಪ್ಪು ಜಾರಿಸೋಕೆ ನನ್ನ ಅಜ್ಜೀನೇ ಬೇಕಿತ್ತಾ? ಈ ಮನೇಲಿ ನಿಮ್ಮನ್ನ ಮನುಷ್ಯ ಅಂತ ಕಾಣೋದೇ ಅವರೊಬ್ರು!”

“ನನಗೆ ಗೊತ್ತಿಲ್ವಾ ಅದು? ಗೊತ್ತಿಲ್ವಾ?” ಎಂದು ಅವನು ಬಾಗಿಲಿಗೆ ಗುದ್ದಿದ. ಬಾಗಿಲು ಹಳೆಯದು, ಕೀಲು ಕಿತ್ತು ಬಂತು. ಅದನ್ನು ಕೂರಿಸುವುದರಲ್ಲೇ ಅವನ ಸಂಜೆ ಕಳೆಯಿತು. ಅತ್ತೆ ಗೋಡೆಯಾಚೆಯಿಂದಲೇ ತನ್ನ ತೀರ್ಪು ಕೊಟ್ಟಳು: ವಯಸ್ಸಾದ ಹೆಂಗಸನ್ನು ಆಸ್ಪತ್ರೆಗೆ ಹೊತ್ತು ಊರಿಗೆಲ್ಲ ತೋರಿಸುವ ಗ್ರಹಚಾರ ತಮ್ಮ ಮನೆತನಕ್ಕಿಲ್ಲ.

ಮಾರನೆಯ ಬೆಳಿಗ್ಗೆ ಅವನು ಸೈಕಲ್ ಹೊರಗೆ ತಂದಾಗ ಅಜ್ಜಿ ಆಗಲೇ ಅಂಗಳದಲ್ಲಿ ನಿಂತಿದ್ದಳು, ಚರ್ಚಿಗೆ ಹೋಗುವ ಬಟ್ಟೆಯುಟ್ಟು, ತಲೆಗೆ ರುಮಾಲು ಕಟ್ಟಿ.

“ನಡಿ. ನನ್ ಗಂಡ ನನ್ನ ಪೇಟೆ ಸುತ್ತಿಸ್ತಾನೆ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಫೇಲೆಸಿ ಬಾಗಿಲಿಂದ ಏನೋ ಕೂಗಿದಳು. ಅಜ್ಜಿ ತಿರುಗಿಯೂ ನೋಡದೆ ಕ್ಯಾರಿಯರ್ ಮೇಲೆ ಕೂತಳು.

ಊರು ದಾಟಿದ ಮೇಲೆ ಅವನ ಬೆನ್ನ ಹಿಂದಿನಿಂದ ಸಣ್ಣ ದನಿ ಬಂತು: “ನಿನ್ನೆ ನೀನು ಕೈ ಎಳ್ಕೊಂಡೆ.”

“ಅಜ್ಜಿ, ನಾನು—”

“ಬೈತಾ ಇಲ್ಲ ಕಣೋ. ಇಷ್ಟು ವರ್ಷ ಯಾರೂ ನನ್ನ ಕೈ ನೋಡೇ ಇರ್ಲಿಲ್ಲ. ನೋಡಿದೋನು ನೀನೊಬ್ಬ. ಸರಿ ತುಳಿ, ಏರು ಬಂತು.”

ಚಿಪುಂಗು ಅಜ್ಜಿಯಿಂದ ಮುಲಾಮಿನ ವಿಷಯ ಕೇಳಿ ತಿಳಿದು, ಹೊಪ್ಪಳೆಯ ಒಂದು ಚೂರನ್ನು ಕೆರೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ಲಾಮೆಕ್‌ನನ್ನು ಕರೆದಳು. ಅವನು ಒಂದು ಕಣ್ಣು ಮುಚ್ಚಿ ನೋಡಿದ. ದುಂಡನೆಯ, ಮೋಟುಕಾಲಿನ ಹುಳಗಳು, ಮೊಟ್ಟೆಗಳು, ಸಂತೆಯ ಜನಜಂಗುಳಿಯಂತೆ.

“ನಿಮ್ಮ ಮೈಮೇಲೆ ಹುಡುಕಿದ್ರೆ ಹತ್ತೋ ಹದಿನೈದೋ ಸಿಗುತ್ತೆ. ಇವರ ಮೈಮೇಲೆ ಇರೋದನ್ನ ಎಣಿಸೋಕೆ ಆಗಲ್ಲ, ಸಾವಿರ ಸಾವಿರ. ಆ ಮುಲಾಮು ತುರಿಕೇನ ನಿಲ್ಲಿಸುತ್ತೆ, ಹುಳಾನ ಕೊಲ್ಲಲ್ಲ. ತುರಿಕೆ ಅಂದ್ರೆ ಕಾವಲುಗಾರ ಕೂಗಿದ ಹಾಗೆ. ಇವರ ಕಾವಲುಗಾರನಿಗೆ ದಿನಾ ನಿದ್ದೆ ಮದ್ದು ಹಾಕಿದ್ರು. ಮೊದಲೇ ವಯಸ್ಸಾದ ಮೈ.”

“ಹಂಗಾದ್ರೆ ಮಗೂಗೆ ಕೊಟ್ಟಿದ್ದು ನಾನೇನಾ?” ಅಜ್ಜಿ ಕೇಳಿದಳು.

“ಕೊಟ್ಟಿದ್ದು ಹುಳ, ಅಜ್ಜಿ. ನೀವಲ್ಲ.”

“ನಾನು ತಂದಿದ್ದಲ್ಲ ತಾನೇ?” ಲಾಮೆಕ್ ತಡೆಯಲಾಗದೆ ಕೇಳಿದ. “ಅಷ್ಟು ಬರೆದು ಕೊಡಿ ಡಾಕ್ಟರಮ್ಮ.”

ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. “ಮೊದಲನೇ ಹುಳ ನೀವೇ ತೋಟದಿಂದ ತಂದಿರಬಹುದು. ಶಾಲೆಯಿಂದ ಬಂದಿರಬಹುದು, ಚರ್ಚಿನಿಂದಾನೂ. ಅದನ್ನ ಯಾರೂ ಹೇಳೋಕೆ ಆಗಲ್ಲ. ಹೋಗದೆ ಇರೋದು ಯಾಕೆ ಅಂತ ಮಾತ್ರ ಹೇಳ್ತೀನಿ.”

ಅಷ್ಟೂ ಸಿಗಲಿಲ್ಲ ಅವನಿಗೆ.

ಅಜ್ಜಿಯನ್ನು ಎರಡು ವಾರ ಆಸ್ಪತ್ರೆಯಲ್ಲೇ ಬೇರೆ ಕೋಣೆಯಲ್ಲಿ ಇರಿಸಿಕೊಂಡರು. ಹೊಪ್ಪಳೆ ಮೆತ್ತಗಾಗಲು ಒಂದು ಮುಲಾಮು, ಆಮೇಲೆ ಬಿಳಿ ಔಷಧ, ಇವಳಿಗೆ ಮಾತ್ರ ತಲೆ ಮುಖವನ್ನೂ ಬಿಡದೆ. ಜೊತೆಗೆ ಮಾತ್ರೆ. ಹೊಳೆಯ ನೊಣ ಕಚ್ಚಿ ಕಣ್ಣು ಹೋಗುವ ಹೊಳೆಗುರುಡು ಬಾರದಿರಲೆಂದು ವರ್ಷಕ್ಕೊಮ್ಮೆ ಊರಿಗೆ ಬಂದು ಕೋಲು ಹಿಡಿದು ಎತ್ತರ ಅಳೆದು ಕೊಡುತ್ತಾರಲ್ಲ, ಅದೇ ಮಾತ್ರೆ. ಮನೆಯವರಿಗೆಂದು ಚಿಪುಂಗು ಎಲ್ಲಿಂದಲೋ ಹೊಂದಿಸಿ ಆರು ದೊಡ್ಡ ಸೀಸೆ ಔಷಧ ಕೊಟ್ಟಳು. “ಇದನ್ನ ವ್ಯರ್ಥ ಮಾಡಿದ್ರೆ ಇನ್ನು ಮಳೆಗಾಲದವರೆಗೆ ನನ್ನ ಹತ್ರ ಇಲ್ಲ. ಒಂದೇ ದಿನ. ಎಲ್ಲರೂ. ಅಜ್ಜಿಯ ಚಾಪೆ, ಹೊದಿಕೆ ಸುಟ್ಟುಬಿಡಿ.”

ಅಂದು ಸಂಜೆ ಅವನು ಮನೆಗೆ ಬಂದಾಗ ಬ್ವಾನಾಲಿ ಕಾಯುತ್ತಿದ್ದ. ಈ ಸಲ ಕುರ್ಚಿಯಿರಲಿಲ್ಲ, ಬಹುವಚನವೂ ಇರಲಿಲ್ಲ.

“ನಮ್ಮಮ್ಮನ್ನ ಎಲ್ಲಿ ಬಿಟ್ಟು ಬಂದ್ಯೋ?”

ಲಾಮೆಕ್ ಎಲ್ಲವನ್ನೂ ಹೇಳಿದ. ಸೂಕ್ಷ್ಮದರ್ಶಕದಲ್ಲಿ ಕಂಡದ್ದು, ಹುಳ, ಮುಲಾಮು. ಮುಲಾಮು ಎಂದಾಗ ಬ್ವಾನಾಲಿ ಸುತ್ತ ನೋಡಿ ಅವನ ರಟ್ಟೆ ಹಿಡಿದು ಬಾಳೆಯ ಗುಂಪಿನ ಹಿಂದಕ್ಕೆ ಎಳೆದುಕೊಂಡು ಹೋದ.

“ಇನ್ಯಾರಿಗೆ ಹೇಳಿದ್ದೀಯ?”

“ಯಾರಿಗೂ ಇಲ್ಲ. ಎನೆಲೆಸಿಗೆ, ಅತ್ತೆಗೆ ಅಜ್ಜಿ ಕೈ ವಿಷಯ ಅಷ್ಟೇ ಗೊತ್ತು. ಮಾವ, ನಾಳೆ ಎಲ್ಲರೂ ಹಚ್ಕೋಬೇಕು. ನೀವೂ. ನೀವು ದಿನಾ ಇಲ್ಲೇ ಉಣ್ತೀರಿ, ಇಲ್ಲೇ ಮಲಗ್ತೀರಿ. ನೀವು ಹೇಳಿದ್ರೆ ಮಾತ್ರ ಅವರು ಕೇಳ್ತಾರೆ.”

ಬ್ವಾನಾಲಿ ಬಾಳೆ ಎಲೆ ಸರಿಸಿ ಅಂಗಳದ ಕಡೆ ಇಣುಕಿದ. ಅವನ ಬೆರಳು ಅಂಗಿಯ ಗುಂಡಿಗಳ ನಡುವೆ ತೂರಿ ಹೊಟ್ಟೆ ಕೆರೆಯುತ್ತಿತ್ತು, ಅವನಿಗೇ ಗೊತ್ತಿರಲಿಲ್ಲ. “ಹೇಳ್ತೀನಿ,” ಎಂದ ಕೊನೆಗೆ. “ನಾನೇ ಮೊದಲು ಹಚ್ಕೋತೀನಿ. ಆದ್ರೆ ಅಮ್ಮನ ಹೆಸರು ಬರ್ಬಾರ್ದು. ನನ್ನ ಅಂಗಡಿ ಹೆಸರಂತೂ ಬರಲೇಬಾರ್ದು. ಅಮ್ಮ ಮಂಡಿನೋವಿಗೆ ಆಸ್ಪತ್ರೆಲಿ ಇದ್ದಾರೆ. ಕಜ್ಜಿ ನೀನು ತಂದಿದ್ದು. ಹಂಗೇ ಇರ್ಲಿ.”

“ಹಂಗೇ ಇರ್ಲಿ ಅಂದ್ರೆ?”

“ಎರಡು ವರ್ಷದಿಂದ ಇದೆಯಲ್ಲ, ಇನ್ನೆರಡು ದಿನ ಇರೋಕೇನು? ನಿನಗೆ ಮಗಳು ವಾಸಿಯಾಗ್ಬೇಕೋ, ಮರ್ಯಾದೆ ವಾಸಿಯಾಗ್ಬೇಕೋ?”

ಲಾಮೆಕ್‌ನ ಕೈ ಮುಷ್ಟಿಯಾಯಿತು. ಆ ದಪ್ಪ ಮುಖಕ್ಕೆ ಒಂದು ಕೊಟ್ಟರೆ ಎಂಥ ಸುಖವೆಂದು ಅನಿಸಿತು. ಅಂಗಳದ ಕಡೆಯಿಂದ ತಿಯಾಮಿಕೆ ಅಳುವುದು ಕೇಳಿಸುತ್ತಿತ್ತು. ಕೆರೆದುಕೊಳ್ಳಬಾರದೆಂದು ಎನೆಲೆಸಿ ಅವಳ ಕೈಗಳಿಗೆ ಬಟ್ಟೆ ಸುತ್ತಿದ್ದಳು.

“ಅಂಗಡೀಲಿ ಆ ಮುಲಾಮು ಮಾರೋದು ನಿಲ್ಲಿಸ್ತೀರಾ?”

“ನೋಡೋಣ.”

“ಆಗ್ಲಿ,” ಎಂದ ಲಾಮೆಕ್.

ಶನಿವಾರ ಇಡೀ ಅಂಗಳಕ್ಕೆ ಔಷಧದ ಘಾಟು. ಗಂಡಸರು ಒಂದು ಮನೆಯಲ್ಲಿ, ಹೆಂಗಸರು ಮಕ್ಕಳು ಇನ್ನೊಂದರಲ್ಲಿ. ಬ್ವಾನಾಲಿ ತನ್ನ ಬೆನ್ನಿಗೆ ಹಚ್ಚಲು ಲಾಮೆಕ್‌ನನ್ನೇ ಕರೆದ. ಆ ಬೆನ್ನಿನ ತುಂಬ ಗುಳ್ಳೆಗಳಿದ್ದವು; ಎಷ್ಟು ತಿಂಗಳಿಂದ ಒಬ್ಬನೇ ಸಹಿಸಿಕೊಂಡಿದ್ದನೋ. ಔಷಧ ತಾಗಿದಾಗ ಮನೆತನದ ಹಿರಿಯ ತುಟಿ ಕಚ್ಚಿ ಕುಣಿದ. ಲಾಮೆಕ್ ಸ್ವಲ್ಪ ಜೋರಾಗಿಯೇ ತಿಕ್ಕಿದ.

ಹೊರಗೆ ಹಗ್ಗದ ತುಂಬ ಕುದಿಸಿದ ಬಟ್ಟೆ. ಪಕ್ಕದ ಮನೆಯವರು ಬೇಲಿಗೆ ಆತು ನಿಂತು ನೋಡಿದರು. “ಏನು ಹಬ್ಬಾನಾ?” ಎಂದರೆ ಬ್ವಾನಾಲಿ, “ನಮ್ಮ ಅಳಿಯಂದ್ರು ತಂದ ಉಡುಗೊರೆ, ವಾಪಸು ಕಳಿಸ್ತಾ ಇದ್ದೀವಿ,” ಎಂದು ನಗಿಸಿದ. ಲಾಮೆಕ್ ಬೆಂಕಿಗೆ ಸೌದೆ ನೂಕಿದ.

ವಾರ ಬಿಟ್ಟು ಇನ್ನೊಂದು ಸಲ ಹಚ್ಚಿದರು. ಅಷ್ಟಾದರೂ ತುರಿಕೆ ನಿಲ್ಲಲಿಲ್ಲ. ಹುಳ ಸತ್ತ ಮೇಲೂ ಅದರ ಹೆಣ ಚರ್ಮದೊಳಗೆ ಉಳಿದು ಎರಡು ಮೂರು ವಾರ ನವೆಯಿರುತ್ತದೆ, ಹೆದರಬೇಡಿ ಎಂದು ಚಿಪುಂಗು ಮೊದಲೇ ಹೇಳಿದ್ದಳು. ಅದನ್ನು ಮನೆಯಲ್ಲಿದ್ದ ಹನ್ನೆರಡು ಜನರಿಗೆ ತಿಳಿಸಿ ಹೇಳುವುದೆಂದರೆ ಗಾಳಿಯನ್ನು ಚೀಲಕ್ಕೆ ತುಂಬಿದ ಹಾಗೆ. “ಸತ್ತ ಹುಳ ಹೆಂಗಪ್ಪಾ ಕಚ್ಚುತ್ತೆ?” ಎಂದು ಅತ್ತೆ ಗೋಡೆಯಾಚೆ ದಿನಕ್ಕೆ ಹತ್ತು ಸಲ ಕೇಳಿದಳು. ಎನೆಲೆಸಿ ಕೇಳಲಿಲ್ಲ, ಆದರೆ ಅವಳ ನೋಟ ಕೇಳುತ್ತಿತ್ತು. ಅವನೇ ಒಂದೊಂದು ಬೆಳಿಗ್ಗೆ ಮಗಳ ಬೆರಳಿಗೆ ಮಸಿ ಬಳಿದು ಒರೆಸಿ, ಗೆರೆಯಿದೆಯೇ ಎಂದು ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಗೆರೆಯಿರಲಿಲ್ಲ. ನಾಲ್ಕನೇ ವಾರ ತಿಯಾಮಿಕೆ ಒಂದಿಡೀ ಗಂಜಿಯ ಬಟ್ಟಲನ್ನು ಕೆಳಗಿಡದೆ ಕುಡಿದು ಮುಗಿಸಿದಳು. ಎನೆಲೆಸಿ ಒಲೆಯ ಮುಂದೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಶಾಲೆಯವರು ಕೈ ಹಿಂದೆ ಮುಂದೆ ತಿರುಗಿಸಿ ನೋಡಿ ಸೇರಿಸಿಕೊಂಡರು.

ಅಷ್ಟರಲ್ಲಿ ಅಜ್ಜಿಯೂ ಮನೆಗೆ ಬಂದಿದ್ದಳು. ಕೈಗಳು ಎಳೆಯ ಮಗುವಿನ ಕೈಯಂತೆ ತೆಳುವಾಗಿ ಹೊಳೆಯುತ್ತಿದ್ದವು. ಮಂಡಿನೋವಿನ ಕಥೆ ಅವಳಿಗೂ ತಲುಪಿತು. ಅವಳು ಮಗನನ್ನೂ ಕೇಳಲಿಲ್ಲ, ಲಾಮೆಕ್‌ನನ್ನೂ ಕೇಳಲಿಲ್ಲ. ಮಗ ತಂದಿಟ್ಟ ಹೊಸ ಮುಲಾಮನ್ನು ಮಾತ್ರ ಕಕ್ಕಸಿನ ಗುಂಡಿಗೆ ಹಾಕಿದಳು.

ಕಜ್ಜಿ ಹೋದರೂ ಹೆಸರು ಹೋಗಲಿಲ್ಲ. ಒಂದು ದಿನ ಲಾಮೆಕ್ ಕೂಡುರಸ್ತೆಯಲ್ಲಿ ನಿಂತಿದ್ದಾಗ, ಕೂಸಿನ ಕಾಲಿನ ಗುಳ್ಳೆಗಳಿಗೆಂದು ಎಳೆಯ ತಾಯಿಯೊಬ್ಬಳು ಬ್ವಾನಾಲಿಯ ಅಂಗಡಿಯಲ್ಲಿ ಅದೇ ಮುಲಾಮು ಕೊಳ್ಳುತ್ತಿರುವುದನ್ನು ಕಂಡ. ಸೈಕಲ್ ಬಿಟ್ಟು ಓಡಿದ.

“ಅದನ್ನ ಹಚ್ಚಬೇಡಿ ತಾಯಿ! ತುರಿಕೆ ನಿಲ್ಲುತ್ತೆ, ಹುಳ ಸಾಯಲ್ಲ. ಆಸ್ಪತ್ರೆಗೆ—”

ಅವಳು ಕೂಸನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. “ಊರಿಗೆ ಕಜ್ಜಿ ತಂದೋರು ನೀವೇ ಅಲ್ವಾ? ನೀವು ನನಗೆ ಔಷಧ ಹೇಳ್ತೀರಾ?”

ಕಟ್ಟೆಯ ಮೇಲಿದ್ದವರು ಹೋ ಎಂದು ನಕ್ಕರು. ಬ್ವಾನಾಲಿ ಕೌಂಟರಿನ ಹಿಂದೆ ತಲೆತಗ್ಗಿಸಿ ಚಿಲ್ಲರೆ ಹುಡುಕುತ್ತಿದ್ದ. ಲಾಮೆಕ್‌ಗೆ ಆಗ ಅರ್ಥವಾಯಿತು: ತಾನು ಬಾಳೆಯ ಹಿಂದೆ ಬಿಟ್ಟುಕೊಟ್ಟದ್ದು ಬರೀ ಮರ್ಯಾದೆಯನ್ನಲ್ಲ, ಮಾತನ್ನು. ಇನ್ನು ತಾನು ನಿಜ ಹೇಳಿದರೂ ಯಾರೂ ಕೇಳುವುದಿಲ್ಲ.

ಮನೆಗೆ ಹೋದವನು ಅಜ್ಜಿಯ ಮುಂದೆ ಕೂತು ಎಲ್ಲವನ್ನೂ ಕಕ್ಕಿಬಿಟ್ಟ. ಅಜ್ಜಿ ತೊಗರಿಬೇಳೆ ಆರಿಸುತ್ತಾ ಕೇಳಿಸಿಕೊಂಡಳು. “ಸಂತೆ ಯಾವತ್ತು?” ಎಂದಷ್ಟೇ ಕೇಳಿದಳು.

ಸಂತೆಯ ದಿನ ಅವಳು ಮಗನ ಅಂಗಡಿಯ ಮುಂದೆ ಸೋಪಿನ ಖಾಲಿ ಪೆಟ್ಟಿಗೆ ಮಗುಚಿ ಹಾಕಿ ಕೂತಳು. ಬಂದವರಿಗೆಲ್ಲ ಎರಡೂ ಕೈ ಚಾಚಿ ತೋರಿಸಿದಳು. “ನೋಡಮ್ಮ, ಹೊಸ ಚರ್ಮ. ಹಳೇದು ಹುಳದ ಗೂಡಾಗಿತ್ತು. ನಮ್ಮನೇಲಿ ಕಜ್ಜಿ ಸಾಕ್ಕೊಂಡಿದ್ದೋಳು ನಾನು. ಸಾಕೋಕೆ ಮೇವು ತಂದ್ಕೊಟ್ಟೋನು ನನ್ ಮಗ. ಪಾಪ, ಗೊತ್ತಿಲ್ದೆ ಕೊಟ್ಟ. ಈಗ ಗೊತ್ತಾಗಿದೆ.”

“ಅಮ್ಮಾ, ಒಳಗೆ ಬನ್ನಿ,” ಎಂದು ಬ್ವಾನಾಲಿ ಹಲ್ಲು ಕಚ್ಚಿ ಪಿಸುಗುಟ್ಟಿದ.

“ಯಾಕೆ, ಬಿಸಿಲು ಚೆನ್ನಾಗಿದೆ.”

ಕೆಲವರು ನಿಂತು ಕೇಳಿದರು. ಕೆಲವರು ಮುದುಕಿಗೆ ಅರಳುಮರುಳೆಂದು ನಕ್ಕು ಹೋದರು. ಬ್ವಾನಾಲಿ ಮಧ್ಯಾಹ್ನವೇ ಬಾಗಿಲು ಹಾಕಿದ. ಮುಂದಿನ ವಾರ ದಾರಕ್ಕೆ ನೇತುಹಾಕಿದ್ದ ಮುಲಾಮುಗಳು ಕಾಣಲಿಲ್ಲ. ಅವು ಕೌಂಟರಿನ ಕೆಳಗಿನ ಡಬ್ಬಕ್ಕೆ ಇಳಿದಿದ್ದವು. ಮೆಲ್ಲಗೆ ಕೇಳಿದವರಿಗೆ ಅವನು ಮೆಲ್ಲಗೆ ಕೊಡುತ್ತಿದ್ದ. ತೊಗರಿ ಕೊಯ್ಲು ಬಂತು, ಹೋಯಿತು. ಲಾಮೆಕ್ ಊರು ಬಿಡಬೇಕೆಂಬ ಮಾತನ್ನು ಅವನು ಎತ್ತಲಿಲ್ಲ. ಕ್ಷಮೆಯ ಮಾತನ್ನೂ ಎತ್ತಲಿಲ್ಲ.

ಲಾಮೆಕ್ ಚಿಪುಂಗು ಬರುವ ಗುರುವಾರಗಳಂದು ಅರ್ಧ ಬಾಡಿಗೆಗೆ ಆಸ್ಪತ್ರೆಗೆ ಕರೆದೊಯ್ಯುವುದಾಗಿ ಕೂಡುರಸ್ತೆಯಲ್ಲಿ ಸಾರಿದ. ಮೊದಲ ತಿಂಗಳು ಯಾರೂ ಬರಲಿಲ್ಲ. ಎರಡನೇ ತಿಂಗಳು, ಅವನು ಕಾದು ಕಾದು ಹೊರಡಲಿದ್ದಾಗ, ಆ ಎಳೆಯ ತಾಯಿ ಬಟ್ಟೆಯಲ್ಲಿ ಸುತ್ತಿದ ಕೂಸಿನೊಂದಿಗೆ ಬೇಲಿಯ ಮರೆಯಿಂದ ಬಂದಳು. ಕೂಸಿನ ಕಾಲು ಈಗ ತೊಡೆಯವರೆಗೂ ಗುಳ್ಳೆಯೆದ್ದಿತ್ತು.

“ದೊಡ್ಡ ರಸ್ತೆ ಬೇಡ ಅಣ್ಣ,” ಎಂದಳು ಅವನ ಮುಖ ನೋಡದೆ. “ಹೊಳೆ ಪಕ್ಕದ ದಾರೀಲಿ ಹೋಗಿ. ನಿಮ್ಮ ಸೈಕಲ್ ಮೇಲೆ ನನ್ನ ಯಾರೂ ನೋಡ್ಬಾರ್ದು.”

ಹೊಳೆಯ ಪಕ್ಕದ ದಾರಿಯೆಂದರೆ ಕಲ್ಲು, ಕೆಸರು, ಒಂದು ಗಂಟೆ ಹೆಚ್ಚು. ಅವನ ಬಾಯಿಗೆ ಬಂದ ಮಾತು ಒಳ್ಳೆಯದಾಗಿರಲಿಲ್ಲ. ಅದನ್ನು ನುಂಗಿಕೊಂಡು ಅವನು ಹ್ಯಾಂಡಲ್ ತಿರುಗಿಸಿದ.

“ಗಟ್ಟಿಯಾಗಿ ಹಿಡ್ಕೊಳ್ಳಿ,” ಎಂದ. “ಕುಲುಕುತ್ತೆ.”